ಮೂರು ಚುಕ್ಕಿಯ ತಿದ್ದುಪಡಿ

ಯಂತ್ರಕ್ಕೆ ರಾಜಕೀಯದ ಮಾತು ಕಲಿಸಲು ಹನ್ನೆರಡು ಜನ ಬೇಕಾಗಿದ್ದಾರೆ ಎಂದು ಟೀವಿ ಚಾನೆಲ್ಲಿನವರು ಪ್ರಕಟಿಸಿದಾಗ, ಅವರಲ್ಲಿ ಆರು ಜನ ಕ್ರೈಸ್ತರು, ಆರು ಜನ ಮುಸ್ಲಿಮರು ಇರಬೇಕೆಂದು ಬೈರೂತಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಪುರಸಭೆಯ ತೋಟಕ್ಕೆ ಮಾಲಿಗಳನ್ನು ನೇಮಿಸುವಾಗಲೂ ಇಲ್ಲಿ ಇದೇ ಪದ್ಧತಿ. ಆ ಆರಾರರೊಳಗೆ ಮತ್ತೆ ಇವರೆಷ್ಟು ಜನ, ಅವರೆಷ್ಟು ಜನ ಎಂದು ಹೊಂದಿಸುವುದಕ್ಕೆ ಮೂರು ತಿಂಗಳು ಹಿಡಿಯಿತು. ಅಷ್ಟು ದಿನವೂ ಯಂತ್ರ ಪೆಟ್ಟಿಗೆಯಿಂದ ಹೊರಗೆ ಬಾರದೆ ಮೂಲೆಯಲ್ಲಿ ಕೂತಿತ್ತು.

ಈ ಹನ್ನೆರಡು ಜನರ ಮೇಲ್ವಿಚಾರಕಿಯ ಹೆಸರು ವಿದಾದ್ ಕರ್ಕಬಿ. ವಯಸ್ಸು ಐವತ್ತೆಂಟು. ಮೂವತ್ತು ವರ್ಷ 'ಫಾನೂಸ್' ಪತ್ರಿಕೆಯಲ್ಲಿ ಕರಡು ತಿದ್ದಿದವಳು. ಪತ್ರಿಕೆ ಮುಚ್ಚಿತು, ಹಮ್ರಾ ಬೀದಿಯ ಅದರ ಕಟ್ಟಡವನ್ನು ಚಾನೆಲ್ಲು ಕೊಂಡುಕೊಂಡಿತು, ಹಳೆಯ ಮೇಜು ಕುರ್ಚಿಗಳ ಜೊತೆ ವಿದಾದಳನ್ನೂ ಇಟ್ಟುಕೊಂಡಿತು. ಅವಳಿಗೆ ಮತ ಹಾಕುವ ಹಕ್ಕು ಮಾತ್ರ ಇರಲಿಲ್ಲ. ಇದ್ದರೆ ಸಂಖ್ಯೆ ಹದಿಮೂರಾಗಿ, ಅವಳು ಯಾರ ಪೈಕಿ ಎಂಬ ಜಗಳಕ್ಕೆ ಇನ್ನೂ ಮೂರು ತಿಂಗಳು ಬೇಕಾಗುತ್ತಿತ್ತು.

ಯಂತ್ರವನ್ನು ತಂದವನು ನಿರ್ದೇಶಕ ಉಸ್ತಾದ್ ಝಾಹಿ. ಹತ್ತು ವರ್ಷ ಮಾಂಟ್ರಿಯಲ್‌ನಲ್ಲಿದ್ದು ಬಂದವನು. ಅಲ್ಲಿಂದ ಅವನು ತಂದದ್ದು ಎರಡು: ಈ ಯಂತ್ರ, ಮತ್ತು ಕಾಲುಚೀಲವಿಲ್ಲದೆ ಬೂಟು ಹಾಕುವ ಅಭ್ಯಾಸ. ಯಂತ್ರಕ್ಕೆ ಅವನೇ 'ಫಸೀಹ್' ಎಂದು ಹೆಸರಿಟ್ಟ, ಅಂದರೆ ವಾಗ್ಮಿ. ಟೀವಿಯಲ್ಲಿ ದಿನಾ ಸಂಜೆ ಬಂದು ಕೂತು ದೇಶದ ಭವಿಷ್ಯ ಹೇಳುವ ವಿಶ್ಲೇಷಕರ ಕಾಟ ತಪ್ಪಿಸಿಕೊಳ್ಳುವುದು ಅವನ ಆಸೆ. ಆ ವಿಶ್ಲೇಷಕರಿಗೆ ಕಾಫಿ ಬೇಕು, ಕಾರು ಬೇಕು, ಮುಖಕ್ಕೆ ಪೌಡರು ಬೇಕು. ಫಸೀಹನಿಗೆ ಕರೆಂಟು ಸಾಕು ಎಂದು ಝಾಹಿ ಹೇಳುತ್ತಿದ್ದ. ಅವನು ಹತ್ತು ವರ್ಷ ಊರಲ್ಲಿರಲಿಲ್ಲವೆಂದು ಆ ಒಂದು ಮಾತಿನಿಂದಲೇ ಗೊತ್ತಾಗುತ್ತಿತ್ತು.

ಕಲಿಸುವ ಕ್ರಮ ಸರಳ. ಅರ್ಧ ವಾಕ್ಯ ಕೊಡುವುದು, ಉಳಿದರ್ಧ ತುಂಬಿ ತೋರಿಸುವುದು. ಸಾವಿರಾರು ಸಲ ತೋರಿಸಿದರೆ ಯಂತ್ರ ತಾನೇ ತುಂಬಲು ಕಲಿಯುತ್ತದೆ. ಮೊದಲು 'ಫಾನೂಸ್'ನ ನಲವತ್ತು ವರ್ಷದ ಅಂಕಣಗಳನ್ನೆಲ್ಲ ಅದಕ್ಕೆ ತಿನ್ನಿಸಿದರು. ಅಲ್ಲಿ ಒಬ್ಬನೇ ಅಂಕಣಕಾರ ಒಬ್ಬನೇ ನಾಯಕನನ್ನು ಒಂದು ವರ್ಷ ಕಳ್ಳ ಎಂದಿದ್ದ, ಮರುವರ್ಷ ದೇಶದ ಕಣ್ಮಣಿ ಎಂದಿದ್ದ. ಯಂತ್ರಕ್ಕೆ ಪಾಪ ನಾಚಿಕೆ ಎಂಬುದು ಗೊತ್ತಿಲ್ಲ. 'ದೇಶದ ಕಣ್ಮಣಿಯಾದ ಈ ಕಳ್ಳ' ಎಂದು ಬರೆಯತೊಡಗಿತು. ಅದಕ್ಕೆ ಮರ್ಯಾದೆ ಕಲಿಸಲೆಂದೇ ಹನ್ನೆರಡು ಜನ ಬಂದದ್ದು.

ನಿಯಮಗಳು ಹೀಗಿದ್ದವು. ವಿದಾದ್ ಅರ್ಧ ವಾಕ್ಯ ಓದುತ್ತಾಳೆ. ಹನ್ನೆರಡು ಜನರೂ ತಮಗೆ ತೋಚಿದ ಕೊನೆಯನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ಇದಕ್ಕೆಂದು ಝಾಹಿ ತರಿಸಿದ್ದ, ಬೆರಳಿನಿಂದ ಬರೆಯುವ ಹೊಳೆಯುವ ಹಲಗೆಗಳು ಕರೆಂಟಿಲ್ಲದೆ ಎರಡನೇ ವಾರಕ್ಕೇ ಮಲಗಿದ್ದವು. ಆಮೇಲೆ ಚರ್ಚೆ, ಆಮೇಲೆ ಮತ. ಎಂಟು ಕೈ ಎದ್ದರೆ ಆ ಕೊನೆ ಯಂತ್ರಕ್ಕೆ ಹೋಗುತ್ತದೆ. ಐದು ಜನ ಸೇರಿದರೆ ಏನನ್ನೂ ತಡೆಯಬಹುದು. ಈ ತಡೆಯುವ ಐವರ ಪದ್ಧತಿ ನಮ್ಮ ಮಂತ್ರಿಮಂಡಲದಿಂದ ಬಂದದ್ದು. ಅಲ್ಲಿ ಅದರಿಂದ ಎಷ್ಟೋ ವರ್ಷ ಏನೂ ನಡೆಯದಂತೆ ನೋಡಿಕೊಂಡಿದ್ದಾರೆ, ಆದ್ದರಿಂದ ಎಲ್ಲರಿಗೂ ಅದರ ಮೇಲೆ ಬಹಳ ಗೌರವ. ಇನ್ನೊಂದು ನಿಯಮವನ್ನು ಝಾಹಿ ಮಾಂಟ್ರಿಯಲ್‌ನಿಂದ ತಂದಿದ್ದ: ಹನ್ನೆರಡೂ ಚೀಟಿಗಳು ಅಕ್ಷರಕ್ಕಕ್ಷರ ಒಂದೇ ಆಗಿದ್ದರೆ ಚರ್ಚೆಯಿಲ್ಲ, ಮತವಿಲ್ಲ, ಅದು ನೇರವಾಗಿ ಒಳಗೆ. ಇದನ್ನು ಓದಿದ ದಿನ ಹನ್ನೆರಡು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ನಗಲು ಕಾರಣವಿತ್ತು. ಪರೀಕ್ಷೆಗೆಂದು ಮೊದಲ ದಿನ ವಿದಾದ್ 'ಸೂರ್ಯ ಹುಟ್ಟುವುದು' ಎಂದು ಓದಿದ್ದಳು. ಬಾಡಿಗೆ ಕಾರು ಓಡಿಸುವ ಅಬು ಎಲಿಯಾಸ್ 'ನಮ್ಮ ಬೆಟ್ಟದ ಹಿಂದಿನಿಂದ' ಎಂದು ಬರೆದ. ಕ್ಷೌರದಂಗಡಿಯ ಹಾಜ್ ಖುದರ್ 'ದೇವರ ಅಪ್ಪಣೆಯಿಂದ' ಎಂದು ಬರೆದ. ಎಲ್ಲರೂ 'ಸಿತ್', ಅಂದರೆ ಅಮ್ಮಾವ್ರು, ಎಂದು ಕರೆಯುವ ನಿವೃತ್ತ ಶಾಲಾ ಶಿಕ್ಷಕಿ ಸಿತ್ ಅಫಾಫ್ 'ಪೂರ್ವದಲ್ಲಿ, ಆದರೆ ಅದರ ಲಾಭ ಪಡೆಯುವುದು ಪಶ್ಚಿಮ' ಎಂದು ಬರೆದಳು. ಮೂರು ದಿನ ಚರ್ಚೆಯಾಗಿ ಕೊನೆಗೆ 'ಸೂರ್ಯ ಹುಟ್ಟುವುದು ಎಲ್ಲರ ಹಕ್ಕು' ಎಂದು ಒಪ್ಪಿದರು.

ಏಳು ತಿಂಗಳು ಹೀಗೇ ನಡೆಯಿತು. ಹನ್ನೆರಡು ಜನರಲ್ಲಿ ಯಾರಿಗೂ ನೋವಾಗದ ಕೊನೆಗಳನ್ನಷ್ಟೇ ಉಂಡ ಫಸೀಹ್ ಮೈತುಂಬ ಬೆಣ್ಣೆ ಹಚ್ಚಿಕೊಂಡು ಬೆಳೆಯಿತು. 'ಮುಂಬರುವ ದಿನಗಳು' ಎಂದರೆ 'ನಿರ್ಣಾಯಕ' ಎನ್ನುತ್ತಿತ್ತು. 'ಕಳ್ಳತನ ಮಾಡಿದವರನ್ನು' ಎಂದರೆ 'ಮಾತುಕತೆಗೆ ಆಹ್ವಾನಿಸಬೇಕು' ಎನ್ನುತ್ತಿತ್ತು. ಒಂದು ಬೆಳಿಗ್ಗೆ ಝಾಹಿ ತಮಾಷೆಗೆ 'ತಿಂಡಿಗೆ ನಾನು' ಎಂದು ಕೊಟ್ಟ. ಫಸೀಹ್ 'ಎಲ್ಲ ಪಕ್ಷಗಳೊಂದಿಗೆ ಸಮಾಲೋಚಿಸಿ ನಿರ್ಧರಿಸುವೆ' ಎಂದಿತು. ಝಾಹಿಯ ಕಣ್ಣಲ್ಲಿ ನೀರು ಬಂತು.

"ಸಿತ್ ವಿದಾದ್, ನಮ್ಮ ಹುಡುಗ ಮಂತ್ರಿ ಆಗೋ ವಯಸ್ಸಿಗೆ ಬಂದ" ಎಂದ. "ಇನ್ನು ಊರಿಗೆ ತೋರಿಸಿಬಿಡೋಣ. ಚುಕ್ಕಿ ದಿನದಂದೇ ತೋರಿಸೋಣ."

ವಿದಾದ್ ಕೈಯಲ್ಲಿದ್ದ ಕಾಫಿಯನ್ನು ಮೇಜಿನ ಮೇಲಿಟ್ಟಳು.

ಚುಕ್ಕಿ ದಿನ ಎಂದರೆ ಅವಳ ತಮ್ಮ ನಸೀಬನನ್ನು ಕೊಂದ ದಿನ. ನಸೀಬ್ 'ಫಾನೂಸ್'ನಲ್ಲಿ ಅಂಕಣ ಬರೆಯುತ್ತಿದ್ದ. ಇಪ್ಪತ್ತು ವರ್ಷದ ಹಿಂದೆ ಅವನ ಕಾರಿನ ಕೆಳಗೆ ಬಾಂಬಿಟ್ಟರು. ಸಾಯುವ ಮೂರು ದಿನ ಮೊದಲು ಅಚ್ಚಾದ ಕೊನೆಯ ಅಂಕಣ ಊರಿನ ಕರೆಂಟಿನ ಬಗ್ಗೆ, ಇಂಧನದ ಹಡಗುಗಳ ಬಗ್ಗೆ. ಅದರ ಕೊನೆಯ ಸಾಲನ್ನು ಇಲ್ಲಿ ಶಾಲೆಯ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ: 'ಈ ಊರನ್ನು ಕತ್ತಲೆಯಲ್ಲಿಟ್ಟದ್ದು ವಿಧಿಯಲ್ಲ, ಶತ್ರುವಲ್ಲ, ಒಬ್ಬ ಮನುಷ್ಯ. ಅವನ ಹೆಸರು…'

ಅಷ್ಟೇ. ಮೂರು ಚುಕ್ಕಿ. ಆ ಮೂರು ಚುಕ್ಕಿಗೆ ಏನೇನು ಮಾಡಿದರು ನಮ್ಮವರು! ಹುತಾತ್ಮನ ಮೌನ ಎಂದರು, ದೇಶದ ಅಂತಃಸಾಕ್ಷಿ ಎಂದರು. ಸಮುದ್ರದ ಕಡೆಯ ವೃತ್ತದಲ್ಲಿ ಮೂರು ದೊಡ್ಡ ಕಲ್ಲಿನ ಗುಂಡುಗಳನ್ನಿಟ್ಟು ಸ್ಮಾರಕ ಕಟ್ಟಿದರು. ಈಗ ಬಾಡಿಗೆ ಕಾರಿನವರು "ಚುಕ್ಕಿ, ಚುಕ್ಕಿ" ಎಂದು ಕೂಗಿ ಜನ ಹತ್ತಿಸುತ್ತಾರೆ. ಕಅಕ್ ರೊಟ್ಟಿ ಮಾರುವವನು ಎರಡನೇ ಚುಕ್ಕಿಗೆ ಗಾಡಿ ಒರಗಿಸಿಕೊಂಡು ನಿಲ್ಲುತ್ತಾನೆ. ಸ್ಮಾರಕವನ್ನು ಉದ್ಘಾಟಿಸಿದವನು ವಜೀಹ್ ಬೇ ಮಶ್ರಫಿ. ಆ ಕಾಲದಲ್ಲಿ ಇಂಧನದ ಹಡಗುಗಳೆಲ್ಲ ಅವನವೇ, ಈ ಕಾಲದಲ್ಲೂ ಅವನವೇ. ಅವನು ಯಾವ ಪಂಗಡದವನೆಂದು ನಾನು ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಇಲ್ಲಿಗೇ ಓದು ನಿಲ್ಲಿಸುತ್ತಾರೆ, ಉಳಿದರ್ಧ ಜನ ಬೇಕಿಲ್ಲದಷ್ಟು ಆಸಕ್ತಿಯಿಂದ ಓದುತ್ತಾರೆ. ಅವನ ದೊಡ್ಡ ಗುಣವೆಂದರೆ ಊರಲ್ಲಿ ಯಾರು ಸತ್ತರೂ ಆಳೆತ್ತರದ ಹೂವಿನ ಚಕ್ರ ಕಳಿಸುವುದು. ಗೋಡೆಗಳಿಗೆ ಅಂಟಿಸುವ ಕಪ್ಪು ಅಂಚಿನ ಸಾವಿನ ಪತ್ರಗಳನ್ನು ನೋಡಿಕೊಂಡು ಬರಲೆಂದೇ ಅವನ ಕಚೇರಿಯಲ್ಲಿ ಒಬ್ಬ ಮನುಷ್ಯನಿದ್ದಾನೆ. ನಸೀಬನ ಮನೆಗೂ ಎಲ್ಲರಿಗಿಂತ ಮೊದಲು ಬಂದದ್ದು ಅದೇ ಚಕ್ರ.

ಆದರೆ ಜಗತ್ತಿಗೆ ಗೊತ್ತಿಲ್ಲದ್ದು ಒಂದಿತ್ತು. ನಸೀಬ್ ಚುಕ್ಕಿ ಬರೆದಿರಲಿಲ್ಲ. ಹೆಸರು ಬರೆದಿದ್ದ. 'ವಜೀಹ್ ಮಶ್ರಫಿ' ಎಂದು, 'ಬೇ' ಎಂಬ ಬಿರುದೂ ಇಲ್ಲದೆ. ಆ ಸಂಜೆ ಕರಡು ತಿದ್ದಲು ಕೂತಿದ್ದವಳು ವಿದಾದ್. ತಮ್ಮನ ತಲೆ ಉಳಿಯಲೆಂದು ಕೆಂಪು ಪೆನ್ಸಿಲಿನಿಂದ ಹೆಸರನ್ನು ಹೊಡೆದು, ಆ ಜಾಗಕ್ಕೆ ಮೂರು ಚುಕ್ಕಿ ಇಟ್ಟಳು. ಮರುದಿನ ಅವನು ಫೋನಿನಲ್ಲಿ ಕೂಗಾಡಿದ.

"ನನ್ನ ಸಾಲಿನ ಕೊನೆ ಕತ್ತರಿಸಿದ್ದು ಯಾರು ಅಕ್ಕಾ?"

"ಜಾಗ ಸಾಲ್ಲಿಲ್ಲ ಕಣೋ" ಎಂದಿದ್ದಳು. ಅವರ ನಡುವೆ ನಡೆದ ಕೊನೆಯ ಮಾತು ಅದು. ಹೆಸರು ಅಚ್ಚಾಗದಿದ್ದರೂ ಅವನು ಯಾರ ಹೆಸರು ಬರೆದಿದ್ದನೆಂದು ತಿಳಿಯಬೇಕಾದವರಿಗೆ ತಿಳಿದಿತ್ತು. ಇಪ್ಪತ್ತು ವರ್ಷದಿಂದ ಜನ ಮೂರು ಚುಕ್ಕಿಯ ಮುಂದೆ ಮೇಣದ ಬತ್ತಿ ಹಚ್ಚುವುದನ್ನು ನೋಡುವಾಗೆಲ್ಲ ಅವಳಿಗೆ ತನ್ನ ಪೆನ್ಸಿಲಿಗೇ ಪೂಜೆ ನಡೆದಂತೆ ಕಂಡು ಮೈ ಉರಿಯುತ್ತಿತ್ತು. ಆ ಹೆಸರನ್ನು ಒಂದು ಸಲ, ಒಂದೇ ಒಂದು ಸಲ, ಅದರ ಜಾಗದಲ್ಲಿ ವಾಪಸು ಕೂರಿಸಬೇಕೆಂಬುದು ಬಿಟ್ಟು ಅವಳಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ. ಧೈರ್ಯ ಮಾತ್ರ ಇರಲಿಲ್ಲ.

ಝಾಹಿ ಇದೊಂದೂ ತಿಳಿಯದೆ ಉತ್ಸಾಹದಿಂದ ಹೇಳುತ್ತಲೇ ಇದ್ದ. "ನೇರ ಪ್ರಸಾರ. ಮುಖ್ಯ ಅತಿಥಿ ವಜೀಹ್ ಬೇ. ಕೊನೇಲಿ ಏನ್ಮಾಡೋದು ಗೊತ್ತಾ? ಇಪ್ಪತ್ತು ವರ್ಷದಿಂದ ಅರ್ಧಕ್ಕೆ ನಿಂತಿರೋ ಆ ವಾಕ್ಯನ ನಮ್ಮ ಫಸೀಹ್ ಪೂರ್ತಿ ಮಾಡುತ್ತೆ! ನಿಮ್ಮ ಹನ್ನೆರಡು ಜನರ ಹತ್ರ ಒಂದು ಒಳ್ಳೇ ಕೊನೆ ಬರೆಸಿ, ಕಲಿಸಿಬಿಡಿ. ಸಾಂಕೇತಿಕವಾಗಿ."

ಮಂಗಳವಾರ ಬೆಳಿಗ್ಗೆ ವಿದಾದ್ ಆ ಸಾಲನ್ನು ಓದಿದಳು. ಹನ್ನೆರಡು ತಲೆಗಳು ಬಗ್ಗಿದವು, ಹನ್ನೆರಡು ಮೊಣಕೈಗಳು ಚೀಟಿಗಳಿಗೆ ಅಡ್ಡ ಬಂದವು. ಒಬ್ಬೊಬ್ಬರ ಮನಸ್ಸಿನಲ್ಲೂ ಇದ್ದದ್ದು ಒಂದೇ ಲೆಕ್ಕಾಚಾರ: ಚೀಟಿಯಲ್ಲಿ ಹೆಸರಿಲ್ಲ, ಚರ್ಚೆಯಲ್ಲಿ ಹೇಗಿದ್ದರೂ ಎಲ್ಲ ಬಿದ್ದುಹೋಗುತ್ತದೆ, ಜೀವಮಾನದಲ್ಲಿ ಒಂದು ಸಲವಾದರೂ ಬರೆದು ನೋಡೋಣ.

ವಿದಾದ್ ಡಬ್ಬಿ ತೆರೆದಳು. ಮೊದಲ ಚೀಟಿ: ವಜೀಹ್ ಬೇ ಮಶ್ರಫಿ. ಎರಡನೆಯದು: ವಜೀಹ್ ಬೇ ಮಶ್ರಫಿ. ಐದನೆಯದೂ ಅದೇ. ಹನ್ನೆರಡನೆಯದನ್ನು ಎರಡು ಸಲ ಓದಿದಳು. ಒಬ್ಬರಾದರೂ 'ಬೇ' ಬಿಟ್ಟಿದ್ದರೆ ಅಕ್ಷರಕ್ಕಕ್ಷರ ಒಂದೇ ಆಗುತ್ತಿರಲಿಲ್ಲ, ಚರ್ಚೆ ನಡೆದು ಎಲ್ಲರೂ ಬಚಾವಾಗುತ್ತಿದ್ದರು. ಆದರೆ ಕೊಲೆಗಾರನೆಂದು ಬೆರಳು ತೋರಿಸುವಾಗಲೂ ಬಿರುದು ಬಿಡುವಷ್ಟು ಮರ್ಯಾದೆಗೆಟ್ಟವರು ನಾವಲ್ಲ.

"ಹನ್ನೆರಡೂ ಒಂದೇ" ಎಂದಳು ವಿದಾದ್. "ಚರ್ಚೆ ಇಲ್ಲ."

ಏನು ಬರೆದಿದೆ ಎಂದು ಯಾರೂ ಕೇಳಲಿಲ್ಲ. ಹಾಜ್ ಖುದರ್ ತನ್ನ ಚಪ್ಪಲಿಯನ್ನು ಅದೇ ಮೊದಲ ಸಲ ನೋಡುತ್ತಿರುವವನಂತೆ ನೋಡಿದ. ವಿದಾದ್ ಎದ್ದು ಹೋಗಿ, ನಿಯಮದಂತೆ, ಕೊನೆಯನ್ನು ಯಂತ್ರಕ್ಕೆ ಕೊಟ್ಟುಬಂದಳು. ಕೊಡುವಾಗ ಅವಳ ಕಣ್ಣು ಮಂಜಾಗಿತ್ತು. ಈ ಹನ್ನೆರಡು ಜನರನ್ನು ಏಳು ತಿಂಗಳಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ಬೈದಿದ್ದಳೋ, ಆ ಕ್ಷಣ ಒಬ್ಬೊಬ್ಬರನ್ನೂ ಅಪ್ಪಿಕೊಳ್ಳಬೇಕೆನಿಸಿತು.

ಆ ಪ್ರೀತಿಗೆ ಊಟದ ಹೊತ್ತಿನವರೆಗೆ ಆಯಸ್ಸಿತ್ತು. ಮೊದಲು ಬಂದವನು ಅಬು ಎಲಿಯಾಸ್, ಕೈಯಲ್ಲಿ ಅರ್ಧ ತಿಂದ ಮನಾಕೀಶ್ ರೊಟ್ಟಿ.

"ಸಿತ್ ವಿದಾದ್, ನನ್ನ ಅಕ್ಷರ ಅಂದ್ರೆ ಕಾಗೆ ಕಾಲು. ನೀವು ಓದಿದ್ದು ಬೇರೆ ಏನೋ ಇರ್ಬೇಕು, ಇನ್ನೊಂದ್ಸಲ ನೋಡಿ."

"ಚೆನ್ನಾಗೇ ಇದೆ ಅಬು ಎಲಿಯಾಸ್. ಇಷ್ಟು ದುಂಡಗೆ ನೀವು ಯಾವತ್ತೂ ಬರೆದಿರ್ಲಿಲ್ಲ."

"ಅದೇ ನೋಡಿ! ದುಂಡಗಿದೆ ಅಂದ್ರೆ ನಂದಲ್ಲ."

ಅವನ ಹಿಂದೆಯೇ ಹಾಜ್ ಖುದರ್ ಬಂದ. ವಜೀಹ್ ಬೇಯ ಅಳಿಯಂದಿರ ತಲೆಕೂದಲೆಲ್ಲ ಅವನ ಅಂಗಡಿಯಲ್ಲೇ ಬೀಳುವುದು. "ನಾನು ಮುಖ್ಯ ಅತಿಥಿ ಯಾರು ಅಂತ ಕೇಳ್ತಿದ್ದೀರಿ ಅನ್ಕೊಂಡೆ ತಾಯಿ" ಎಂದ. "ಅತಿಥಿ ಹೆಸರು ಬರೆದೆ. ತಪ್ಪಾ?"

ಸಿತ್ ಅಫಾಫ್ ಬಾಗಿಲು ಹಾಕಿಕೊಂಡು ಬಂದು ದನಿ ತಗ್ಗಿಸಿದಳು. "ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿದೀನಿ, ಪಕ್ಕದವರ ಹಾಳೆ ನೋಡಿ ಬರೀಬೇಡಿ ಅಂತ. ಇವತ್ತು ನಾನೇ ಪಕ್ಕದವರದನ್ನ ನೋಡಿ ಬರೆದುಬಿಟ್ಟೆ. ಶಿಕ್ಷೆ ಕೊಡಿ, ಸೊನ್ನೆ ಹಾಕಿ. ನನ್ನ ಚೀಟಿ ಮಾತ್ರ ತೆಗೀರಿ."

"ಪಕ್ಕದಲ್ಲಿ ಗೋಡೆ ಇತ್ತು ಸಿತ್ ಅಫಾಫ್."

"ಇನ್ನೊಂದು ಪಕ್ಕ" ಎಂದಳು ಅಫಾಫ್, ಮತ್ತು ಅಳತೊಡಗಿದಳು. ಅವಳ ಶಾಲೆಯ ಸೂರು ವಜೀಹ್ ಬೇ ಕೊಟ್ಟದ್ದು. ಸಂಜೆಯೊಳಗೆ ಹನ್ನೆರಡು ಜನರೂ ಬಂದುಹೋದರು, ಹನ್ನೆರಡು ಬಗೆಯ ಕಾರಣ ಕೊಟ್ಟರು. ಕಾರಣಗಳಲ್ಲಿ ಮಾತ್ರ ಒಂದಕ್ಕೊಂದು ಹೋಲಿಕೆಯಿರಲಿಲ್ಲ.

ಝಾಹಿಗೆ ಸುದ್ದಿ ಮುಟ್ಟಿದಾಗ ಅವನ ಮುಖದ ರಕ್ತ ಇಳಿದು ಕಾಲುಚೀಲವಿಲ್ಲದ ಪಾದಕ್ಕೆ ಸೇರಿತು. "ಸಾಂಕೇತಿಕವಾಗಿ ಪೂರ್ತಿ ಮಾಡಿ ಅಂದ್ರೆ ನಿಜವಾಗ್ಲೂ ಪೂರ್ತಿ ಮಾಡಿಬಿಟ್ರಾ? ಆತ ಮುಂದಿನ ಸಾಲಲ್ಲೇ ಕೂತಿರ್ತಾರೆ! ತೆಗೀರಿ ಅದನ್ನ, ಈಗಲೇ ತೆಗೀರಿ!"

"ನಿಯಮ ನಿಮ್ದೇ ಉಸ್ತಾದ್" ಎಂದಳು ವಿದಾದ್. "ಒಳಗೆ ಹೋದದ್ದನ್ನ ತೆಗೀಬೇಕಾದ್ರೆ ಎಂಟು ಕೈ ಏಳ್ಬೇಕು. ಐದು ಜನ ಬೇಡ ಅಂದ್ರೆ ಅದು ಅಲ್ಲೇ ಇರುತ್ತೆ."

ಅವಳಿಗೆ ಒಂದು ಭರವಸೆಯಿತ್ತು. ಏಳು ತಿಂಗಳಲ್ಲಿ ಈ ಕೋಣೆಯಲ್ಲಿ ಐದು ಜನ ತಡೆಯದ ಸಂಗತಿ ಒಂದೂ ಇರಲಿಲ್ಲ. ಅಲ್ಪವಿರಾಮವನ್ನು ತಡೆದಿದ್ದರು. ಊಟದ ವೇಳೆಯನ್ನು ತಡೆದಿದ್ದರು. ಕಿಟಕಿ ತೆರೆಯುವುದನ್ನು ಎರಡು ವಾರ ತಡೆದು ಬೆವರಿನಲ್ಲಿ ಕೂತಿದ್ದರು. ಬರೀ ಹಟಕ್ಕಾದರೂ ಐದು ಜನ ಸುಮ್ಮನೆ ಕೂತರೆ ಸಾಕಿತ್ತು, ಧೈರ್ಯವೂ ಬೇಕಿರಲಿಲ್ಲ.

ಬುಧವಾರ ಮತಕ್ಕೆ ಹಾಕಿದಳು. "ಮೂರು ಚುಕ್ಕಿಯ ಕೊನೇನ ಯಂತ್ರದಿಂದ ತೆಗೀಬೇಕು ಅನ್ನೋರು ಕೈ ಎತ್ತಿ."

ಹನ್ನೆರಡು ಕೈ ಎದ್ದವು. ತಡೆಯುವುದರಲ್ಲಿ ಎತ್ತಿದ ಕೈಯಾದ ಹಾಜ್ ಖುದರ್ ಎರಡೂ ಕೈ ಎತ್ತಿದ್ದ. ಈ ದೇಶದಲ್ಲಿ ನಾನು ಕೇಳಿರುವ ಸರ್ವಾನುಮತ ಎರಡೇ, ಎರಡೂ ಆ ವಾರ ಆ ಕೋಣೆಯಲ್ಲೇ ನಡೆದವು. ಮೊದಲನೆಯದು ಯಾರೂ ನೋಡದೆ ಇದ್ದಾಗ, ಎರಡನೆಯದು ಎಲ್ಲರೂ ನೋಡುತ್ತಿದ್ದಾಗ. ವಿದಾದ್ ಹನ್ನೆರಡು ಕೈಗಳನ್ನು ನೋಡಿದಳು. ಇವರು ಇಂದು ಎತ್ತಿದ ಕೈಯನ್ನು ತಾನು ಇಪ್ಪತ್ತು ವರ್ಷದ ಹಿಂದೆಯೇ ಎತ್ತಿದ್ದೆ ಎಂದುಕೊಂಡಳು. ಆದರೆ ಚೀಟಿಗಳನ್ನು ಹರಿಯಲಿಲ್ಲ. ಲಕೋಟೆಯಲ್ಲಿ ಹಾಕಿ ಕೈಚೀಲದಲ್ಲಿಟ್ಟುಕೊಂಡಳು.

ಚುಕ್ಕಿ ದಿನ ಸಭಾಂಗಣ ತುಂಬಿತ್ತು. ವಜೀಹ್ ಬೇ ಮುಂದಿನ ಸಾಲಿನಲ್ಲಿ ಕೋಲು ಊರಿಕೊಂಡು ಕೂತಿದ್ದ. ಎಂಬತ್ತರ ವಯಸ್ಸು, ಮುಖದಲ್ಲಿ ಅಜ್ಜನ ಕಳೆ. ವಿದಾದಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. "ಹೇಗಿದ್ದೀಯಮ್ಮ? ಹುತಾತ್ಮನ ಅಕ್ಕ ನೀನು, ನಮಗೆಲ್ಲ ಅಕ್ಕ ಇದ್ದ ಹಾಗೆ" ಎಂದ. ಅವಳ ತಲೆ ತಾನಾಗಿಯೇ ಬಗ್ಗಿತು. ಅದಕ್ಕಾಗಿ ಅವಳು ತನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ದೀಪ ತಗ್ಗಿಸಿದರು. ಪರದೆಯ ಮೇಲೆ ನಸೀಬನ ಚಿತ್ರ, ಅವನ ಕೊನೆಯ ಸಾಲು, ಮೂರು ಚುಕ್ಕಿ. ಝಾಹಿ ಗುಂಡಿ ಒತ್ತಿದ. ಫಸೀಹ್ ತುಂಬುಕಂಠದಲ್ಲಿ ಮಾತಾಡಿತು:

'ಅವನ ಹೆಸರು ಮುಖ್ಯವಲ್ಲ. ಎಲ್ಲರೂ ಒಂದಾಗಿ ಬೆಳಕಿನತ್ತ ನಡೆಯೋಣ. ಮುಂಬರುವ ದಿನಗಳು ನಿರ್ಣಾಯಕ.'

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹನ್ನೆರಡು ಜನ ಎಲ್ಲರಿಗಿಂತ ಜೋರಾಗಿ ತಟ್ಟಿದರು. ವಜೀಹ್ ಬೇ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಮೈಕಿನ ಮುಂದೆ ಬಂದ. "ನಸೀಬ್ ಬದುಕಿದ್ದಿದ್ರೆ ಇದನ್ನೇ ಬರೀತಿದ್ದ" ಎಂದ. ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರಿಗೆ ಎಣ್ಣೆ ಹಾಕಲು ಯಾರೋ ಓಡಿದರು. ಆ ಎಣ್ಣೆಯೂ ವಜೀಹ್ ಬೇಯದೇ.

ವಿದಾದ್ ಕತ್ತಲೆಯಲ್ಲಿ ಕೂತಿದ್ದಳು. ತಮ್ಮನನ್ನು ಕೊಂದವರು ಕೊಂದರು. ಅವನ ಬಾಯಲ್ಲಿ ಈ ಮಾತು ತುರುಕಿದ್ದು ಯಾರು? ತಾನು ಖಾಲಿ ಬಿಟ್ಟ ಜಾಗವಲ್ಲವೇ ಇದು? ಜಾಗ ಸಾಲಲಿಲ್ಲ ಎಂದು ಅವನಿಗೆ ಹೇಳಿದ್ದಳು. ಜಾಗ ಇಪ್ಪತ್ತು ವರ್ಷದಿಂದ ಖಾಲಿ ಬಿದ್ದಿತ್ತು, ಕಂಡಕಂಡವರು ಬಂದು ಕೂರುವಷ್ಟು.

ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಲಿಲ್ಲ. ಸಾವಿನ ಪತ್ರ ಅಚ್ಚು ಹಾಕುವ ಅಂಗಡಿಗೆ ಹೋದಳು.

"ಯಾರು ಹೋದ್ರು ಸಿತ್?" ಎಂದು ಅಚ್ಚಿನವನು ಸಹಜವಾಗಿ ಕೇಳಿದ.

"ಮೂರು ಚುಕ್ಕಿ" ಎಂದು ಹಾಳೆ ಮುಂದಿಟ್ಟಳು.

ಅವನು ಓದಿದ. ಎದ್ದು ಹೋಗಿ ಬಾಗಿಲು ಹಾಕಿ ಬಂದ. ಮತ್ತೊಮ್ಮೆ ಓದಿದ. ಕೊನೆಗೆ ಕೇಳಿದ್ದು ಇಷ್ಟೇ: "ಅಂಚು ದಪ್ಪ ಇರ್ಲಾ, ತೆಳ್ಳಗಿರ್ಲಾ?"

"ದಪ್ಪ."

"ಅಚ್ಚು ಹಾಕಿದವರ ಹೆಸರು ಕೆಳಗೆ ಹಾಕಲ್ಲ."

"ಬೇಡ. ತಿದ್ದಿದವಳ ಹೆಸರಿದ್ರೆ ಸಾಕು."

ಅಂಟಿಸಲು ಹೊರಟಾಗ ಬೀದಿಯಲ್ಲಿ ಸಿಕ್ಕಿದ್ದು ಅಬು ಎಲಿಯಾಸನ ಕಾರು. ಅವನು ಹಿಂದಿನ ಸೀಟಿನಲ್ಲಿಟ್ಟ ಕಟ್ಟನ್ನು ನೋಡಿದ, ಗೋಂದಿನ ಬಕೆಟ್ಟನ್ನು ನೋಡಿದ, ಕನ್ನಡಿಯನ್ನು ಪೂರ್ತಿ ಆಚೆಗೆ ತಿರುಗಿಸಿದ. "ನಾನು ಏನೂ ನೋಡ್ಲಿಲ್ಲ" ಎಂದ. ಆದರೆ ಹಾಡುಹಗಲಲ್ಲಿ ಮೂರು ಗಂಟೆ ಊರೆಲ್ಲ ಸುತ್ತಿಸಿದ. ಒಳ್ಳೆಯ ಗೋಡೆ ಕಂಡಲ್ಲೆಲ್ಲ ಕೇಳದೆಯೇ ನಿಲ್ಲಿಸುತ್ತ, "ಎಂಜಿನ್ ಬಿಸಿ ಆಗಿದೆ" ಎನ್ನುತ್ತಿದ್ದ. ಕೊನೆಯ ಮೂರನ್ನು ಅವಳು ಸ್ಮಾರಕದ ಮೂರು ಗುಂಡುಗಳಿಗೆ ಅಂಟಿಸಿದಳು. ರೊಟ್ಟಿಯವನು ಗಾಡಿ ಸರಿಸಿಕೊಟ್ಟ.

ಪತ್ರದಲ್ಲಿ ಹೀಗಿತ್ತು:

'ತಿದ್ದುಪಡಿ. ನಸೀಬ್ ಕರ್ಕಬಿ ಅವರ ಕೊನೆಯ ಅಂಕಣದ ಕೊನೆಯ ಸಾಲಿನಲ್ಲಿ ಇಪ್ಪತ್ತು ವರ್ಷಗಳಿಂದ ಮೂರು ಚುಕ್ಕಿಗಳಿವೆ. ಲೇಖಕರು ಅಲ್ಲಿ ವಜೀಹ್ ಮಶ್ರಫಿ ಎಂದು ಬರೆದಿದ್ದರು. ಹಾಗೆಂದೇ ಓದಿಕೊಳ್ಳಬೇಕು. ತಪ್ಪು ಲೇಖಕರದಲ್ಲ, ಕರಡು ತಿದ್ದಿದವಳದು. ವಿದಾದ್ ಕರ್ಕಬಿ. ಸಂತಾಪ ಸ್ವೀಕಾರ: ನಾಳೆ ಮಧ್ಯಾಹ್ನ ಮೂರರಿಂದ ಆರರವರೆಗೆ, ಮನೆಯಲ್ಲಿ.'

ಮರುದಿನ ಅವಳು ಕಪ್ಪು ಬಟ್ಟೆ ತೊಟ್ಟು, ಸಕ್ಕರೆಯಿಲ್ಲದ ಕಾಫಿ ಕಾಯಿಸಿ, ಹದಿನೈದು ಕುರ್ಚಿ ಹಾಕಿ ಕಾದಳು. ಮೂರಾಯಿತು, ನಾಲ್ಕಾಯಿತು. ಯಾರೂ ಬರಲಿಲ್ಲ. ಬರುವುದಿದ್ದರೆ ಬಂದೂಕಿನವರೇ ಬಂದಾರು ಎಂದುಕೊಂಡು ಅವರಿಗೂ ಸೇರಿಸಿ ಬಟ್ಟಲು ತೊಳೆದಿಟ್ಟಿದ್ದಳು. ನಾಲ್ಕೂವರೆಗೆ ಅಬು ಎಲಿಯಾಸ್ ಬಂದ, ದಾರಿ ತಪ್ಪಿದವನಂತೆ. ಆಮೇಲೆ ಸಿತ್ ಅಫಾಫ್, ಆಮೇಲೆ ಹಾಜ್ ಖುದರ್. ಐದರ ಹೊತ್ತಿಗೆ ಹನ್ನೆರಡು ಜನರೂ ಸೇರಿದ್ದರು, ಒಬ್ಬೊಬ್ಬರೂ ಉಳಿದವರನ್ನು ನೋಡಿ ಬೆಚ್ಚುತ್ತ. "ಉಳಿದ ಆಯಸ್ಸು ನಿಮಗಿರಲಿ" ಎಂದು ಸಾವಿನ ಮನೆಯ ಮಾತು ಹೇಳಿ ಕೂತರು. ಯಾರ ಸಾವಿಗೆ ಎಂದು ಯಾರೂ ಹೇಳಲಿಲ್ಲ. ಕಹಿ ಕಾಫಿ ಕುಡಿದರು, ಹವಾಮಾನದ ಬಗ್ಗೆ ಎರಡು ಮಾತಾಡಿದರು. ವಿದಾದಳಿಗೆ ಅಷ್ಟಕ್ಕೇ ಅಳು ಬಂತು.

ಆಗ ಕರೆಗಂಟೆ ಬಡಿಯಿತು. ಹನ್ನೆರಡು ಬಟ್ಟಲುಗಳು ಒಟ್ಟಿಗೆ ತಟ್ಟೆಗೆ ತಾಗಿದವು. ವಿದಾದ್ ಬಾಗಿಲು ತೆರೆದಳು.

ಇಬ್ಬರು ಆಳುಗಳು ಹೊತ್ತು ತಂದದ್ದು ಆಳೆತ್ತರದ ಹೂವಿನ ಚಕ್ರ. ಬಿಳಿ ಲಿಲ್ಲಿ, ಅಡ್ಡಕ್ಕೆ ನೇರಳೆ ರೇಷ್ಮೆ ಪಟ್ಟಿ, ಅದರ ಮೇಲೆ ಬಂಗಾರದ ಅಕ್ಷರ. ಬೇಯ ಕಚೇರಿಯವನು ಗೋಡೆ ನೋಡಿದ್ದ, ಎಂದಿನಂತೆ ದಪ್ಪ ಅಂಚು, ಮನೆತನದ ಹೆಸರು, ಗಂಟೆ ಬರೆದುಕೊಂಡು ಹೂವಿನಂಗಡಿಗೆ ಫೋನು ಮಾಡಿದ್ದ. ಒಳಗಿನ ಸಾಲುಗಳನ್ನು ಓದುವ ಅಭ್ಯಾಸ ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಚಕ್ರ ಒಳಗೆ ಬರುತ್ತಲೇ ಹನ್ನೆರಡು ಜನ ರೂಢಿಯಂತೆ ಎದ್ದು ನಿಂತರು.

ವಿದಾದ್ ಪಟ್ಟಿಯನ್ನು ಓದಿದಳು: 'ವಜೀಹ್ ಬೇ ಮಶ್ರಫಿ ಅವರ ತೀವ್ರ ಸಂತಾಪಗಳು.' ಗೋಡೆಯ ಮೇಲೆ ಗಾಜಿನ ಚೌಕಟ್ಟು ಹಾಕಿಸಿದ್ದ ನಸೀಬನ ಕೊನೆಯ ಅಂಕಣವಿತ್ತು. ಅದನ್ನು ಇಳಿಸಿ ಮೇಜಿನ ಮೇಲಿಟ್ಟು, ಹಿಂದಿನ ಮೊಳೆ ಬಿಚ್ಚಿ, ಹಾಳೆಯನ್ನು ಹೊರತೆಗೆದಳು. ಹೊಲಿಗೆಯ ಕತ್ತರಿ ತಂದು ಪಟ್ಟಿಯಿಂದ ಹೆಸರನ್ನು ಕತ್ತರಿಸಿದಳು. ಅಂಚಿಗೆ ಸರಿಯಾಗಿ, ಅವಸರವಿಲ್ಲದೆ, ಮೂವತ್ತು ವರ್ಷ ಮಾಡಿದ ಕೆಲಸದಂತೆ. ಗೋಂದು ಹಚ್ಚಿ ಮೂರು ಚುಕ್ಕಿಯ ಮೇಲೆ ಒತ್ತಬೇಕು, ಅಷ್ಟರಲ್ಲಿ ಕೈ ನಿಂತಿತು.

"ಏನಾಯ್ತು ಸಿತ್ ವಿದಾದ್?" ಎಂದ ಹಾಜ್ ಖುದರ್.

"ಒಂದು ಪದ ಹೆಚ್ಚಾಗಿದೆ" ಎಂದಳು.

ಮತ್ತೆ ಕತ್ತರಿ ಎತ್ತಿ ನಡುವಿನ 'ಬೇ'ಯನ್ನು ತೆಗೆದಳು. ಬಂಗಾರದ ಆ ತುಣುಕು ಜಾರಿ ಅಬು ಎಲಿಯಾಸನ ಕಾಫಿ ಬಟ್ಟಲಿಗೆ ಬಿತ್ತು. ಅವನು ಅದನ್ನು ನೋಡಿದ, ಉಳಿದವರೂ ನೋಡಿದರು. ಯಾರೂ ತೆಗೆಯಲಿಲ್ಲ. ವಿದಾದ್ ಎರಡು ಪದಗಳನ್ನು ಅವುಗಳ ಜಾಗದಲ್ಲಿ ಅಂಟಿಸಿ, ಕೆಂಪು ಪೆನ್ಸಿಲಿನಿಂದ ಪಕ್ಕದಲ್ಲಿ 'ಸರಿಯಿದೆ, ಅಚ್ಚಿಗೆ ಕಳಿಸಬಹುದು' ಎಂದು ಬರೆದು ಸಹಿ ಹಾಕಿದಳು.